ಇಬ್ಬರಿಗೊಂದು ಬಿಲ್ಲೆ

ಸತ್ತ ಮೇಲೂ ಒಂದೇ ಒಂದು ದಿನ ಕೆಲಸ ತಪ್ಪಿಸದ ಹೆಂಗಸು ಎಂಬ ಕೀರ್ತಿ ಯಾರಿಗಾದರೂ ಸಲ್ಲುವುದಾದರೆ ಅದು ಮಧ್ಯಾಹ್ನದವಳಿಗೆ ಸಲ್ಲಬೇಕು. ಅವಳು ಸತ್ತಳು ಎಂದು ಒಂದು ಪುಸ್ತಕ ಹೇಳುತ್ತಿತ್ತು. ದಿನಾ ಕೆಲಸಕ್ಕೆ ಬರುತ್ತಿದ್ದಾಳೆ ಎಂದು ಕಂಪನಿ ಹೇಳುತ್ತಿತ್ತು. ಎರಡೂ ಕಡೆಯವರು ಓದಿದವರು, ಎರಡೂ ಕಡೆಯವರು ಇಸ್ತ್ರಿ ಮಾಡಿದ ಬಟ್ಟೆ ತೊಡುವವರು, ಆದ್ದರಿಂದ ಇಬ್ಬರನ್ನೂ ನಂಬದೆ ವಿಧಿಯಿರಲಿಲ್ಲ. ಅವಳನ್ನೇ ಕರೆದು ಕೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಉಪಾಯ ಹೊಳೆಯುವಷ್ಟರಲ್ಲಿ ಅವಳ ಸಾವು ಸಮುದ್ರ ದಾಟಿ, ದೊರೆಗಳ ದೇಶದ ದೊಡ್ಡ ಸಭೆಯಲ್ಲಿ ಚರ್ಚೆಯಾಗಿ, ಅಲ್ಲಿನ ಹೆಂಗಸರ ಕರವಸ್ತ್ರ ಒದ್ದೆ ಮಾಡಿ, ವಾಪಸು ಹಡಗು ಹತ್ತಿತ್ತು.

ಅದು ಸಮುದ್ರದಾಚೆಯ ದೊರೆಗಳು ಆಳುತ್ತಿದ್ದ ಕಾಲ. ಹಡಗುಕಟ್ಟೆಯ ಹಿಂದೆ ಅವರ ಕಂಪನಿಯ ಹೊಗೆಸೊಪ್ಪಿನ ಗೋದಾಮು. ಒಣಗಿದ ಎಲೆಗೆ ನೀರು ಚಿಮುಕಿಸಿ ಮೆತ್ತಗೆ ಮಾಡುವುದು, ನಡುವಿನ ನರವನ್ನು ಒಂದೇ ಎಳೆತಕ್ಕೆ ಕಿತ್ತು ತೆಗೆಯುವುದು, ಎಲೆ ಒಂದು ಕಡೆ, ನರ ಒಂದು ಕಡೆ ಹಾಕುವುದು. ಇಷ್ಟೇ ಕೆಲಸ. ಉದ್ದನೆಯ ಬೆಂಚುಗಳ ಮೇಲೆ ಸಾಲಾಗಿ ಕೂತು ಹೆಂಗಸರು ಇದನ್ನು ಮಾಡುತ್ತಿದ್ದರು. ಕಿಟಕಿಗಳಿಗೆ ಮೊಳೆ ಹೊಡೆದಿತ್ತು. ಗಾಳಿ ತಾಗಿದರೆ ಎಲೆ ಮತ್ತೆ ಒಣಗಿ ಪುಡಿಯಾಗುತ್ತದೆ, ಪುಡಿಯಾದರೆ ಕಂಪನಿಗೆ ನಷ್ಟ. ಗಾಳಿ ತಾಗದಿದ್ದರೆ ಹೆಂಗಸರು ಏನಾಗುತ್ತಾರೆ ಎಂದು ಕಂಪನಿ ಯೋಚಿಸಿರಲಿಲ್ಲ. ಅವರನ್ನು ಹಡಗಿಗೆ ತುಂಬುವುದಿರಲಿಲ್ಲವಲ್ಲ! ಧೂಳು ಒಳಹೋಗದಂತೆ ಎಲ್ಲರೂ ತಲೆಗೂ ಮೂಗಿಗೂ ಬಟ್ಟೆ ಬಿಗಿದುಕೊಂಡು ಕೂರುತ್ತಿದ್ದರು. ಕಾಣುತ್ತಿದ್ದುದು ಕಣ್ಣು ಮಾತ್ರ. ಎಲ್ಲರ ಕಣ್ಣೂ ಕೆಂಪಗೆ, ಎಲ್ಲರ ಬೆರಳೂ ಕಂದು ಬಣ್ಣಕ್ಕೆ ತಿರುಗಿ ಅಂಟಂಟು. ಹೆತ್ತ ತಾಯಿಯೂ ಮಗಳನ್ನು ಗುರುತಿಸಲಾರಳು.

ಗುರುತಿಸುವ ಅಗತ್ಯವೂ ಇರಲಿಲ್ಲ, ಬಿಲ್ಲೆ ಇತ್ತು. ಬಾಗಿಲ ಪಕ್ಕದ ಹಲಗೆಯಲ್ಲಿ ಮೊಳೆಗೊಂದರಂತೆ ಹಿತ್ತಾಳೆ ಬಿಲ್ಲೆಗಳು. ಬಿಲ್ಲೆ ಕೊರಳಲ್ಲಿದ್ದರೆ ಅವಳು ಕೂಲಿಯವಳು, ಇಲ್ಲದಿದ್ದರೆ ಬೀದಿಯವಳು. ಬಿಲ್ಲೆಗೆ ಸಂಖ್ಯೆ ಇತ್ತು, ಮುಖ ಇರಲಿಲ್ಲ. ಆ ಸಂದಿನಲ್ಲೇ ಎಷ್ಟೋ ಮನೆಗಳ ಸಂಸಾರ ನಡೆಯುತ್ತಿತ್ತು.

ಈ ಸಂಸಾರವನ್ನೇ ನೋಡಿ. ಒಂದೇ ಕೋಣೆ, ಇಬ್ಬರು ಓರಗಿತ್ತಿಯರು, ಮಂಡಿ ಹಿಡಿದುಹೋದ ಅತ್ತೆ, ಹಿರಿಯವಳ ಒಬ್ಬ ಚಿಕ್ಕ ಮಗಳು. ಗಂಡಂದಿರಿಬ್ಬರೂ ಅಣ್ಣತಮ್ಮಂದಿರು. ದೊರೆಗಳ ದೂರದ ತೋಟಗಳಿಗೆ ಆಳು ಬೇಕೆಂದಾಗ ಹೆಬ್ಬೆಟ್ಟು ಒತ್ತಿ, ಬರ್ತೀವಿ ಬರ್ತೀವಿ ಎಂದು ಕೈಬೀಸಿ ಹಡಗು ಹತ್ತಿದ್ದರು. ಬರುತ್ತಲೇ ಇದ್ದರು. ಹೊರಗೆ ದುಡಿಯುವ ಎರಡು ಕೈಗೆ ಮನೆಯಲ್ಲಿ ಬೇರೆ ಎರಡು ಕೈ ಬೇಕು ಎಂಬುದು ಗಂಡಸರ ಗಣಿತದಲ್ಲಿ ಎಂದೂ ಬಾರದ ಲೆಕ್ಕ. ಬೀದಿ ನಲ್ಲಿಗೆ ನೀರು ಬಿಡುತ್ತಿದ್ದುದು ಮಧ್ಯಾಹ್ನ. ಆ ಹೊತ್ತಿಗೆ ಸರದಿಯಲ್ಲಿ ಬಿಂದಿಗೆ ಇಡದವರ ಮನೆಯಲ್ಲಿ ಒಲೆ ಹಚ್ಚಿಯೂ ಪ್ರಯೋಜನವಿಲ್ಲ. ಹಾಗಾಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿರಿಯವಳು ಗೋದಾಮಿಗೆ, ಮಧ್ಯಾಹ್ನದಿಂದ ಸಂಜೆಯವರೆಗೆ ಕಿರಿಯವಳು. ಊಟದ ಗಂಟೆ ಹೊಡೆದಾಗ ಗೋದಾಮಿನ ಅಂಗಳದ ಗೋಡೆ ಮರೆಯಲ್ಲಿ ಒಬ್ಬಳು ಬಿಲ್ಲೆ ಕಳಚಿ ಕೊಡುತ್ತಿದ್ದಳು, ಇನ್ನೊಬ್ಬಳು ಖಾಲಿ ಬಿಂದಿಗೆ ಕೊಡುತ್ತಿದ್ದಳು. ಕೊರಳ ಭಾರ ಇವಳಿಗೆ, ಸೊಂಟದ ಭಾರ ಅವಳಿಗೆ. ಕೂಲಿ ಮಾತ್ರ ಒಂದೇ. ಓಣಿಯವರು ಹಿರಿಯವಳನ್ನು ಬೆಳಗಿನವಳು ಎಂದೂ ಕಿರಿಯವಳನ್ನು ಮಧ್ಯಾಹ್ನದವಳು ಎಂದೂ ಕರೆಯತೊಡಗಿದರು. ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೇ ಮರೆತುಹೋಗಿತ್ತು.

ಇದು ಗೋದಾಮಿನ ಮೇಸ್ತ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಊಟವಾದ ಮೇಲೆ ದಣಿಯದ ಹೊಸ ಕೈಗಳು ಬಂದು ಕೂತರೆ ಯಾವ ಮೇಸ್ತ್ರಿ ಬೇಡವೆಂದಾನು? ಆದರೂ ಅವನದೊಂದು ಧರ್ಮವಿತ್ತು. ಬಿಲ್ಲೆ ಹಂಚಿಕೊಂಡ ಹೆಂಗಸರೆಲ್ಲ ಸರದಿ ಪ್ರಕಾರ ಅವನ ಮನೆಯ ಅಂಗಳ ಗುಡಿಸಿ, ಅವನ ಬಟ್ಟೆ ಒಗೆದು ಬರಬೇಕು. ಆಗ ಅವನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಮಧ್ಯಾಹ್ನದವಳು ಬೆಳಗಿನ ಹೊತ್ತು ಸುಮ್ಮನೆ ಕೂರುವವಳಲ್ಲ. ಅತ್ತೆಯನ್ನು ಎಬ್ಬಿಸಿ ಕೂರಿಸಿ, ಮಗುವಿಗೆ ತಿನ್ನಿಸಿ, ಎರಡು ಬೀದಿ ಆಚೆ ಲೇಖಕರ ಮನೆಯ ಹಿತ್ತಿಲಲ್ಲಿ ಪಾತ್ರೆ ತೊಳೆದು ಬರುತ್ತಿದ್ದಳು. ಲೇಖಕರು ಅಂದರೆ ಸಾಮಾನ್ಯರಲ್ಲ. ದೊರೆಗಳನ್ನು ಬೈದು ಬರೆದು ಒಮ್ಮೆ ಜೈಲಿಗೂ ಹೋಗಿಬಂದ ಧೀರರು. ಜೈಲಿನಲ್ಲಿ ಅವರಿಗೆ ತುಂಬ ಕಷ್ಟವಾಗಿತ್ತಂತೆ: ತಿಂದ ತಟ್ಟೆಯನ್ನು ಅವರೇ ತೊಳೆಯಬೇಕಾಗಿತ್ತಂತೆ.

ಈಗ ಅವರು ದೊಡ್ಡ ಪುಸ್ತಕವೊಂದಕ್ಕೆ ಕೈಹಾಕಿದ್ದರು. ಕಟ್ಟುಕತೆಯಲ್ಲ, ಕಣ್ಣಾರೆ ಕಂಡದ್ದು. ಹಡಗುಕಟ್ಟೆಯ ಮೂಟೆ ಹೊರುವವರು, ಸುಣ್ಣದ ಗೂಡಿನವರು, ತಿಪ್ಪೆ ಆಯುವವರು, ದೊರೆಗಳ ಆಳ್ವಿಕೆಯಲ್ಲಿ ಹೇಗೆ ಬದುಕುತ್ತಾರೆ, ಹೇಗೆ ಸಾಯುತ್ತಾರೆ. ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಬಡವರನ್ನು ಹುಡುಕುತ್ತಿದ್ದರು. ಸಿಕ್ಕವರ ಜೊತೆ ನೆಲದ ಮೇಲೆ ಕೂತು ಮಾತಾಡಿ, ಮನೆಗೆ ಬಂದು ಹಿತ್ತಿಲ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರು. ಪಾತ್ರೆಯ ಸದ್ದಿಗೆ ಏಕಾಗ್ರತೆ ಕೆಡುತ್ತಿತ್ತು. ಚೆನ್ನಾಗಿಯೇ ಬರೆಯುತ್ತಿದ್ದರು, ಸುಳ್ಳು ಹೇಳಬಾರದು. ಅವರ ಅಕ್ಷರ ಮಾತ್ರ ಕಾಗೆ ಕಾಲು, ಇರುವೆ ಸಾಲು. ಅದನ್ನು ಅಚ್ಚುಕೂಟದವರಿಗೆ ಓದಲು ಬರುವಂತೆ ತಿದ್ದಿ ತೀಡಿ ಪ್ರತಿ ಮಾಡುತ್ತಿದ್ದವರು ಅವರ ಹೆಂಡತಿ, ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಒಂದು ಪುಟ, ಹಾಲು ಕಾಯುವಷ್ಟರಲ್ಲಿ ಅರ್ಧ ಪುಟ.

ಆ ಚಳಿಗಾಲದಲ್ಲಿ ಬೆಳಗಿನವಳ ಕೆಮ್ಮು ಎದೆಗಿಳಿಯಿತು. ಮೊದಲು ರಾತ್ರಿ ಕೆಮ್ಮುತ್ತಿದ್ದಳು, ಆಮೇಲೆ ಹಗಲೂ ಕೆಮ್ಮಿದಳು, ಕೊನೆಗೆ ಕೆಮ್ಮಲೂ ಶಕ್ತಿಯಿಲ್ಲದೆ ಸುಮ್ಮನಾದಳು. ಹಿಂದಿನ ದಿನದವರೆಗೂ ಬೆಂಚಿಗೆ ಹೋಗಿಬಂದವಳು ಸತ್ತದ್ದು ಒಂದು ಮಧ್ಯಾಹ್ನ, ನಲ್ಲಿಗೆ ನೀರು ಬಿಡುವ ಹೊತ್ತಿಗೆ. ಮರುದಿನ ಬೆಳಿಗ್ಗೆಯೂ ಬಿಲ್ಲೆ ಹಲಗೆಯಲ್ಲೇ ಉಳಿದರೆ ಬೇರೆ ಯಾರ ಕೊರಳಿಗೋ ಹೋಗುತ್ತದೆ. ಆದ್ದರಿಂದ ಮಧ್ಯಾಹ್ನದವಳು ಮಣ್ಣು ಮಾಡಿದ ಕೈಯನ್ನು ತೊಳೆದುಕೊಂಡು, ಮೂಗಿಗೆ ಬಟ್ಟೆ ಬಿಗಿದು, ಬೆಳಗಿನ ಹೊತ್ತಿಗೇ ಹೋಗಿ ಕೂತಳು. ಅಂದಿನಿಂದ ಬೆಳಗೂ ಅವಳದೇ, ಮಧ್ಯಾಹ್ನವೂ ಅವಳದೇ. ನೀರು ನೆರೆಮನೆಯವರು ಕೊಟ್ಟರೆ ಉಂಟು. ಮೇಸ್ತ್ರಿ ಅವಳ ಕಣ್ಣು ನೋಡಿ, “ಏನು ಇವತ್ತು ಬೇಗ?” ಎಂದ. “ಅಕ್ಕ ಹೋದಳು” ಎಂದಳು. “ಸರಿ, ಅವಳ ಸರದಿಗೆ ನಾಳೆ ನಮ್ಮನೆ ಅಂಗಳ ನೀನೇ ಗುಡಿಸು” ಎಂದ. ಕಂಪನಿಯ ಕಡೆಯಿಂದ ಸಂತಾಪ ಅಷ್ಟಕ್ಕೇ ಮುಗಿಯಿತು.

ಇತ್ತ ಲೇಖಕರ ಮನೆಯಲ್ಲಿ ಪಾತ್ರೆ ರಾಶಿ ಬಿತ್ತು. ಪಾತ್ರೆಯವಳು ಯಾಕೆ ಬರಲಿಲ್ಲ ಎಂದು ಲೇಖಕರು ಬೀದಿಯಲ್ಲಿ ಹೋಗುತ್ತಿದ್ದ ಸೌದೆಯವನನ್ನು ವಿಚಾರಿಸಿದರು. “ಆ ಮನೆ ಬಿಲ್ಲೆಯವಳು ಸತ್ತಳು ಸ್ವಾಮಿ, ಹೊಗೆಸೊಪ್ಪಿನ ಕೆಮ್ಮು” ಎಂದ ಅವನು. ಅವನು ಹೇಳಿದ್ದು ನಿಜವೇ. ಒಂದು ಬಿಲ್ಲೆಯ ಹಿಂದೆ ಇಬ್ಬರು ಇರಬಹುದೆಂದು ಲೇಖಕರಿಗೆ ಹೊಳೆಯಲಿಲ್ಲ. ಹೋಗಿ ನೋಡಬಹುದಿತ್ತು, ಎರಡೇ ಬೀದಿ. ಆದರೆ ಅಂದು ಬಿಸಿಲು ಜಾಸ್ತಿ, ದುಃಖವೂ ಜಾಸ್ತಿ. ಬಾಗಿಲು ಹಾಕಿಕೊಂಡು ಒಂದೇ ಉಸಿರಿಗೆ ಒಂದು ಅಧ್ಯಾಯ ಬರೆದರು. ತಮ್ಮ ತಟ್ಟೆ ತೊಳೆದ ಬಡ ಕೈಗಳನ್ನು ನೆನೆದರು. ಸೌದೆಯವನನ್ನು ಕೇಳಿ ತಿಳಿದ ಬಿಲ್ಲೆಯ ಸಂಖ್ಯೆಯನ್ನೂ ಹಾಕಿದರು. ಮೊಳೆ ಹೊಡೆದ ಕಿಟಕಿಯ ಕೆಳಗೆ ಅವಳು ಕುಸಿದು ಬಿದ್ದು, “ಒಂದೇ ಒಂದು ಕಿಟಕಿ ತೆರೆಯಿರಿ, ನನ್ನ ಉಸಿರು ನನ್ನ ದೇಶವನ್ನು ಸೇರಲಿ” ಎಂದು ಹೇಳಿ ಕಣ್ಣು ಮುಚ್ಚಿದಳು ಎಂದು ಬರೆದರು.

ಆ ಅಧ್ಯಾಯ ಅಚ್ಚುಕೂಟಕ್ಕೆ ಹೋದ ಮೇಲೆ, ಪಾತ್ರೆಗೆ ಬೇರೆಯವಳನ್ನು ಹುಡುಕಿಕೊಂಡು ಓಣಿಗೆ ಹೋದವರು ಅವರ ಹೆಂಡತಿ. ಸಂಜೆ ಹೊತ್ತು ಗೋದಾಮಿನಿಂದ ಬರುತ್ತಿದ್ದ ಮಧ್ಯಾಹ್ನದವಳೇ ಎದುರಾದಳು. ಅಮ್ಮಾವ್ರು ಅಳುವುದೋ ನಗುವುದೋ ತಿಳಿಯದೆ ಮನೆಗೆ ಬಂದು ಗಂಡನಿಗೆ ಹೇಳಿದರು:

“ಇಲ್ಲಿ ಕೇಳಿ, ಸತ್ತೋಳು ನಮ್ಮ ಪಾತ್ರೆಯವಳಲ್ಲ. ಇವಳ ಓರಗಿತ್ತಿ.”

“ಅಚ್ಚಿನ ಮೊಳೆ ಜೋಡಿಸಿ ಆಗಿದೆ” ಎಂದರು ಲೇಖಕರು.

“ಆದ್ರೆ ಇವಳು ಬದುಕಿದ್ದಾಳಲ್ಲ?”

“ಒಟ್ಟಿನಲ್ಲಿ ಒಬ್ಬಳು ಸತ್ತಿದ್ದು ನಿಜ ತಾನೇ? ಸಾಹಿತ್ಯ ದೊಡ್ಡ ಸತ್ಯವನ್ನು ನೋಡುತ್ತೆ.”

ದೊಡ್ಡ ಸತ್ಯದ ಕಣ್ಣಿಗೆ ಬೆಳಗಿನವಳು ಬೀಳಲಿಲ್ಲ, ಪಾಪ. ಸ್ವಲ್ಪ ಕುಳ್ಳಿ.

ಪುಸ್ತಕ ಹೊರಬಂದಿತು, ಬೆಂಕಿ ಹತ್ತಿದ ಹಾಗೆ ಹಬ್ಬಿತು. ಓದಿದವರು ಅತ್ತರು, ಅತ್ತವರು ಸಭೆ ಸೇರಿದರು. ಅದರಲ್ಲಿ ಬರೆದದ್ದೆಲ್ಲ ನಡೆದದ್ದೇ. ಸುಣ್ಣದ ಗೂಡಿನಲ್ಲಿ ಕಣ್ಣು ಕಳೆದುಕೊಂಡವನು, ಮೂಟೆಯಡಿ ಬೆನ್ನು ಮುರಿದವನು, ಎಲ್ಲ ಊರ ಮಗ್ಗುಲಲ್ಲೇ ಇದ್ದರೂ ಊರು ಆವರೆಗೆ ಕಂಡಿರಲಿಲ್ಲ. ಅಚ್ಚಾದ ಮೇಲೆ ಕಂಡಿತು. ದೊರೆಗಳ ದೇಶದಲ್ಲಿ ಯಾರೋ ಅದನ್ನು ತಮ್ಮ ಭಾಷೆಗೆ ಇಳಿಸಿದರು. ಹೊಗೆಸೊಪ್ಪಿನ ಹೆಂಗಸಿನ ಅಧ್ಯಾಯ ಓದಿ ಅಲ್ಲಿನ ದೊಡ್ಡವರೊಬ್ಬರು ಒಂದು ದಿನ ಚುಟ್ಟವನ್ನೇ ಸೇದಲಿಲ್ಲವಂತೆ. ವಿಚಾರಣೆ ನಡೆಸಿ ಎಂದು ಹುಕುಂ ಬಂತು.

ಕಂಪನಿ ಬಹಳ ಸಂತೋಷದಿಂದ ಉತ್ತರ ಕೊಟ್ಟಿತು. ಪುಸ್ತಕದಲ್ಲಿ ಬಿಲ್ಲೆಯ ಸಂಖ್ಯೆಯನ್ನೂ ಹಾಕಿದ್ದಾರಲ್ಲ, ಆ ಬಿಲ್ಲೆಯವಳು ಒಂದು ದಿನವೂ ತಪ್ಪಿಸದೆ ಕೆಲಸಕ್ಕೆ ಬರುತ್ತಿದ್ದಾಳೆ, ಬೇಕಾದರೆ ಕಣ್ಣಾರೆ ನೋಡಿ. ಒಂದು ಸುಳ್ಳಾದರೆ ಮಿಕ್ಕಿದ್ದೆಲ್ಲ ಸುಳ್ಳು. ಲೇಖಕರನ್ನು ರಾಜದ್ರೋಹಕ್ಕೆ ಹಿಡಿಯಿರಿ, ಕಿಟಕಿಯ ಮೊಳೆಗಳನ್ನು ಅವುಗಳ ಪಾಡಿಗೆ ಬಿಡಿ.

ವಿಚಾರಣೆಯ ಹಿಂದಿನ ಸಂಜೆ, ಗೋದಾಮು ಬಿಟ್ಟ ಮೇಲೆ, ಮೇಸ್ತ್ರಿ ಓಣಿಗೆ ಬಂದ. ಹೊಸಿಲಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆಯನ್ನು ದಾಟಿ ಒಳಗೆ ಬಗ್ಗಿ ನೋಡಿದ.

“ನಾಳೆ ದೊರೆ ಬರ್ತಾರೆ. ಮುಖದ ಬಟ್ಟೆ ತೆಗೆದು ಎದ್ದು ನಿಲ್ಲು. ನಾನೇ ಬಿಲ್ಲೆಯವಳು, ಬದುಕಿದ್ದೀನಿ, ಯಾರೂ ಸತ್ತಿಲ್ಲ ಅನ್ನು. ಇನ್ಮೇಲೆ ನಿನ್ನ ಜಾಗ ಬಾಗಿಲ ಪಕ್ಕದ ಕಟ್ಟು ಕಟ್ಟೋ ಮೇಜು. ಗಾಳಿ ಬರುತ್ತೆ.”

“ಅಕ್ಕನ ವಿಷಯ ಕೇಳಿದರೆ?”

“ಯಾವ ಅಕ್ಕ? ಬಿಲ್ಲೆ ಒಂದು, ಹೆಂಗಸು ಒಂದು. ಹೊರಗಿನವರು ಯಾರಾದರೂ ಬಾಯಿಬಿಟ್ಟು ಕೇಳಿದರೆ, ಯಾರ ಜೊತೆಗೋ ಓಡಿಹೋದಳು ಅನ್ನು. ಗಂಡ ಇಲ್ಲದೋಳು, ಜನ ನಂಬ್ತಾರೆ. ಇಬ್ಬರು ಹಂಚಿಕೊಂಡಿದ್ರಿ ಅಂತ ಗೊತ್ತಾದರೆ ಮೋಸ ಅಂತಾರೆ. ಬಿಲ್ಲೆ ಹೋಗುತ್ತೆ, ತಿಳ್ಕೋ.”

ಅವನ ಬೆನ್ನ ಹಿಂದೆಯೇ ಲೇಖಕರು ಬಂದರು. ಎರಡು ಬೀದಿಯ ಆ ಪ್ರಯಾಣ ಕೊನೆಗೂ ಮುಗಿದಿತ್ತು. ಮಧ್ಯಾಹ್ನದವಳನ್ನು ಕಂಡು ಅವರ ಕಣ್ಣು ನಿಜಕ್ಕೂ ತುಂಬಿತು. ತಾವೇ ಕೊಂದವಳು ಎದುರಿಗೆ ನಿಂತು “ಬನ್ನಿ ಅಯ್ಯನವರೇ, ಕೂತ್ಕೊಳ್ಳಿ” ಎಂದರೆ ಯಾರಿಗಾದರೂ ಹಾಗೇ ಆಗುತ್ತದೆ.

“ನೋಡಮ್ಮ, ನೀನು ಸ್ವಲ್ಪ ದಿನ ಎಲ್ಲಾದರೂ ಹೋಗಿರು. ವಿಚಾರಣೆ ಮುಗಿಯೋತನಕ. ನಿನ್ನನ್ನ ನೋಡಿದರೆ ಪುಸ್ತಕ ಸುಳ್ಳಾಗುತ್ತೆ. ಎಷ್ಟು ಸಾವಿರ ಬಡವರ ಪ್ರಶ್ನೆ ಇದು.”

“ಎಲ್ಲಿಗೆ ಹೋಗಲಿ ಅಯ್ಯನವರೇ? ನಾಳೆ ಹೋಗದಿದ್ದರೆ ಬಿಲ್ಲೆ ಬೇರೆಯವರಿಗೆ ಕೊಡ್ತಾರೆ.”

“ದೇಶಕ್ಕೋಸ್ಕರ ಅಂದುಕೋ.”

“ಅಕ್ಕನ ಸಾವು?”

“ಮುಂದಿನ ಮುದ್ರಣದಲ್ಲಿ ನೋಡೋಣ.”

ಅವರು ಹೋದ ಮೇಲೆ ಅತ್ತೆ ಮಂಡಿ ನೀವಿಕೊಳ್ಳುತ್ತಾ, “ಒಬ್ಬ ಬದುಕು ಅಂತಾನೆ, ಒಬ್ಬ ಸಾಯಿ ಅಂತಾನೆ. ಇಬ್ಬರಲ್ಲಿ ಯಾರಾದರೂ ಒಂದು ಬಿಂದಿಗೆ ನೀರು ತಂದುಕೊಟ್ಟರಾ?” ಎಂದಳು. ಆಮೇಲೆ ಮಗು ಅಂಗಳಕ್ಕೆ ಹೋಗುವುದನ್ನು ಕಾದಿದ್ದು, ದನಿ ತಗ್ಗಿಸಿದಳು. “ಹಿರಿಯವಳು ಬದುಕಿದ್ದಾಗ ನಾನು ಅವಳನ್ನ ಬಾಯಿಗೆ ಬಂದ ಹಾಗೆ ಅಂದಿದ್ದೀನಿ. ಸೋಮಾರಿ ಅಂದಿದ್ದೀನಿ, ದರಿದ್ರ ಕಾಲ್ಗುಣ ಅಂದಿದ್ದೀನಿ. ಓಡಿಹೋದಳು ಅಂತ ನಾನೂ ಅನ್ನಲಿಲ್ಲ. ಈ ಮಗು ದೊಡ್ಡವಳಾಗಿ ನಮ್ಮಮ್ಮ ಏನಾದಳು ಅಂತ ಕೇಳಿದರೆ ಏನು ಹೇಳ್ತೀಯ?”

“ಬಿಲ್ಲೆ ಹೋದರೆ ಇವಳು ದೊಡ್ಡವಳಾಗೋದು ಹೇಗೆ ಅತ್ತೆ?”

ಅತ್ತೆ ಮತ್ತೆ ಮಂಡಿ ನೀವಿಕೊಳ್ಳತೊಡಗಿದಳು.

ಕತ್ತಲಾಗುವ ಹೊತ್ತಿಗೆ ಮೂರನೆಯ ಅತಿಥಿ ಬಂದರು. ಅಮ್ಮಾವ್ರು. ಸೆರಗಿನ ಮರೆಯಲ್ಲಿ ಪುಸ್ತಕ ತಂದಿದ್ದರು. ಏನನ್ನೂ ಕೇಳಲಿಲ್ಲ, ಕೂತು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದರು. ಮಧ್ಯಾಹ್ನದವಳು ತನ್ನ ಸಾವನ್ನು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಚೆನ್ನಾಗಿತ್ತು. ತಾನು ಅಷ್ಟು ಒಳ್ಳೆಯವಳೆಂದು ಅವಳಿಗೆ ಗೊತ್ತಿರಲಿಲ್ಲ.

“ನನ್ನ ಉಸಿರು ನನ್ನ ದೇಶವನ್ನು ಸೇರಲಿ” ಎಂಬಲ್ಲಿಗೆ ಬಂದಾಗ ಅತ್ತೆ, “ಇಷ್ಟು ಚೆಂದ ಮಾತಾಡೋದು ಗೊತ್ತಿದ್ದರೆ ಬದುಕಿದ್ದಾಗಲೇ ನನ್ನ ಹತ್ರ ಮಾತಾಡಬಹುದಿತ್ತಲ್ಲೇ!” ಎಂದಳು.

“ಆ ಸಾಲು ಅವರದಲ್ಲ” ಎಂದರು ಅಮ್ಮಾವ್ರು ತಲೆ ತಗ್ಗಿಸಿ. “ಅವರು ಬರೆದದ್ದು ಇನ್ನೂ ಉದ್ದ ಇತ್ತು. ಓದೋಕೆ ಆಗ್ತಿರಲಿಲ್ಲ, ನಾನೇ ಕತ್ತರಿಸಿ ಹಾಗೆ ಮಾಡಿದೆ. ಇಂಥವು ಪುಸ್ತಕದಲ್ಲಿ ಬೇಕಾದಷ್ಟಿವೆ.”

ಮಧ್ಯಾಹ್ನದವಳು ಪುಸ್ತಕದ ರಟ್ಟನ್ನು ಬೆರಳಿಂದ ಮುಟ್ಟಿದಳು. ಓದಲು ಬಾರದಿದ್ದರೂ ಮೇಲೆ ಇರುವುದು ಒಬ್ಬರದೇ ಹೆಸರೆಂದು ಗೊತ್ತಾಗುತ್ತಿತ್ತು.

“ನಿಮ್ಮನೆಯಲ್ಲೂ ಇಬ್ಬರಿಗೆ ಒಂದೇ ಬಿಲ್ಲೆನಾ ಅಮ್ಮಾವ್ರೇ?”

ಅಮ್ಮಾವ್ರು ಮೊದಲು ನಕ್ಕರು. ಆಮೇಲೆ ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಎದ್ದು ಹೋದರು.

ಮರುದಿನ ವಿಚಾರಣೆಯ ದೊರೆ ಗೋದಾಮಿನೊಳಗೇ ಕುರ್ಚಿ ಹಾಕಿಸಿಕೊಂಡ. ಒಳ್ಳೆಯ ಮನುಷ್ಯ, ಎಲ್ಲವನ್ನೂ ಸ್ಥಳದಲ್ಲೇ ನೋಡಬೇಕೆಂಬ ಹಟದವನು. ಒಂದು ಕಡೆ ಕಂಪನಿಯವರು ಮತ್ತು ಮೇಸ್ತ್ರಿ, ಇನ್ನೊಂದು ಕಡೆ ಲೇಖಕರು, ನಡುವೆ ದುಭಾಷಿ, ಹಿಂದೆ ಬೆಂಚುಗಳಲ್ಲಿ ಮೂಗು ಕಟ್ಟಿಕೊಂಡ ಹೆಂಗಸರು. ದೊರೆ ಮೊದಲ ಪ್ರಶ್ನೆಗೆ ಬಾಯಿ ತೆರೆದ, ಧೂಳು ಒಳಹೋಯಿತು, ಕೆಮ್ಮಿದ. ಎರಡನೆಯ ಸಲ ತೆರೆದ, ಇನ್ನೂ ಜೋರಾಗಿ ಕೆಮ್ಮಿದ. ಮೂರನೆಯ ಸಲ ಕಣ್ಣಲ್ಲಿ ನೀರು ಬಂದು, ಬೆನ್ನ ಹಿಂದಿನ ಕಿಟಕಿ ತೋರಿಸಿ ಏನೋ ಕೂಗಿದ. ಬಡಗಿ ಓಡಿಬಂದು ಮೊಳೆ ಕಿತ್ತ. ಎಷ್ಟೋ ವರ್ಷ ಅರ್ಜಿ ಕೊಟ್ಟರೂ ತೆರೆಯದ ಕಿಟಕಿ, ಒಂದು ಪುಸ್ತಕಕ್ಕೂ ತೆರೆಯದ ಕಿಟಕಿ, ಒಬ್ಬ ದೊರೆಯ ಮೂರು ಕೆಮ್ಮಿಗೆ ತೆರೆದುಕೊಂಡಿತು. ಬೆಳಗಿನವಳು ಆ ಚಳಿಗಾಲವಿಡೀ ಕೆಮ್ಮಿದ್ದು ದಂಡ. ಕೆಮ್ಮಿಗೂ ಹುದ್ದೆ ಬೇಕು.

ಬಿಲ್ಲೆಯ ಸಂಖ್ಯೆ ಕೂಗಿದರು. ಮಧ್ಯಾಹ್ನದವಳು ಎದ್ದು ಮುಖದ ಬಟ್ಟೆ ಬಿಚ್ಚಿದಳು. ಲೇಖಕರು ಕಣ್ಣು ಮುಚ್ಚಿಕೊಂಡರು. ಕಂಪನಿಯವರು ನಕ್ಕರು.

“ನೀನು ಬದುಕಿದ್ದೀಯಾ ಅಂತ ದೊರೆ ಕೇಳ್ತಾರೆ” ಎಂದ ದುಭಾಷಿ.

“ಏನೋ, ಹೀಗಿದ್ದೀನಿ ಸ್ವಾಮಿ.”

“ಬದುಕಿದ್ದಾಳಂತೆ” ಎಂದು ದುಭಾಷಿ ತಿರುಗಿಸಿದ. ದೊರೆ ಲೇಖಕರತ್ತ ನೋಡಿ, ಅವಳನ್ನೇ ಇನ್ನೊಂದು ಪ್ರಶ್ನೆ ಕೇಳಿಸಿದ.

“ಹಾಗಾದರೆ ಆ ಪುಸ್ತಕದಲ್ಲಿ ಇರೋದು ಸುಳ್ಳು?”

ಕೊರಳಲ್ಲಿ ಬಿಲ್ಲೆ ತಣ್ಣಗಿತ್ತು. ಹೌದು ಎಂದರೆ ಅದು ಅಲ್ಲೇ ಇರುತ್ತದೆ, ಬಾಗಿಲ ಪಕ್ಕದ ಮೇಜು ಸಿಗುತ್ತದೆ, ಮಗುವಿನ ಹೊಟ್ಟೆ ತುಂಬುತ್ತದೆ. ಅಕ್ಕ ಮಾತ್ರ ಸಾಯದೆಯೇ ಉಳಿದುಬಿಡುತ್ತಾಳೆ, ಎಲ್ಲೋ ಯಾರ ಜೊತೆಗೋ ಓಡಿಹೋಗುತ್ತಲೇ ಇರುತ್ತಾಳೆ. ಸತ್ತ ಮೇಲೂ ಅವಳ ಕಾಲಿಗೆ ಬಿಡುವಿಲ್ಲ. ಮೇಸ್ತ್ರಿ ಅವಳನ್ನೇ ನೋಡುತ್ತಾ, ಹುಂ ಅನ್ನು ಎಂಬಂತೆ ಗದ್ದ ಆಡಿಸಿದ.

“ಸತ್ತೋಳು ಬೆಳಗಿನವಳು ಸ್ವಾಮಿ. ನನ್ನ ಓರಗಿತ್ತಿ. ಈ ಬೆಂಚಲ್ಲೇ ಕೂರ್ತಿದ್ದಳು, ಇದೇ ಬಿಲ್ಲೆ ಹಾಕ್ಕೊಂಡು. ಊಟದ ಗಂಟೆವರೆಗೆ ಅವಳು, ಆಮೇಲೆ ನಾನು. ಕೆಮ್ಮಿ ಕೆಮ್ಮಿ ಸತ್ತಳು. ಎಲ್ಲಿಗೂ ಓಡಿಹೋಗಲಿಲ್ಲ. ಓಡೋಕೆ ಉಸಿರಾದರೂ ಎಲ್ಲಿತ್ತು? ಪುಸ್ತಕದಲ್ಲಿ ಸಾವು ಸರಿ ಇದೆ, ಹೆಂಗಸು ತಪ್ಪಿದ್ದಾಳೆ.”

ದುಭಾಷಿ ಎರಡು ಮಾತಿನಲ್ಲಿ ಏನೋ ಹೇಳಿ ಮುಗಿಸಿದ.

“ಸ್ವಾಮಿ, ನಾನು ಇಷ್ಟುದ್ದ ಹೇಳಿದೆ, ನೀವು ಇಷ್ಟೇ ಇಷ್ಟು ಹೇಳಿದ್ರಲ್ಲ?” ಎಂದಳು. ಬೆಂಚುಗಳ ಕಡೆಯಿಂದ ಬಟ್ಟೆಯೊಳಗಿನ ನಗು ಕೇಳಿಸಿತು. ಲೇಖಕರು ಎದ್ದುನಿಂತು ದೊರೆಗಳ ಭಾಷೆಯಲ್ಲೇ ಎಲ್ಲವನ್ನೂ ಪೂರ್ತಿ ಹೇಳಿದರು. ಈ ಒಂದು ಕೆಲಸ ಅವರು ಚೆನ್ನಾಗಿ ಮಾಡಿದರು. ತಮ್ಮ ತಪ್ಪನ್ನೂ ಸೇರಿಸಿ ಹೇಳಿದರು, ಅದನ್ನೂ ಬರೆದಿಡೋಣ.

ಕಂಪನಿಯವರು ನಗು ನಿಲ್ಲಿಸಿದರು. ಮೇಸ್ತ್ರಿ ಎದೆಗೆ ಕೈಯಿಟ್ಟುಕೊಂಡು, “ಅಯ್ಯೋ ಶಿವನೇ, ಇಂಥ ಮೋಸ ನಮ್ಮಲ್ಲಿ? ಒಂದು ಬಿಲ್ಲೆಗೆ ಇಬ್ಬರಾ? ಸಾಧ್ಯವೇ ಇಲ್ಲ! ಸುಳ್ಳು ಹೇಳ್ತಿದ್ದಾಳೆ” ಎಂದ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ವಿಚಾರಣೆ ಇದೆಯೆಂದು ಮಧ್ಯಾಹ್ನದ ಪಾಲಿನವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಮೇಸ್ತ್ರಿ; ದೊರೆಗೆ ಹಾಕುವ ಕುರ್ಚಿ ಒರೆಸುವುದರಲ್ಲಿ ಮರೆತಿದ್ದ. ದಿನದ ಹಾಗೆಯೇ ಅವರು ಅಂಗಳಕ್ಕೆ ಬಂದರು, ಸೊಂಟದಲ್ಲಿ ಖಾಲಿ ಬಿಂದಿಗೆ. ಅಭ್ಯಾಸಬಲದಿಂದ ಬೆಂಚಿನ ಹೆಂಗಸರೂ ಎದ್ದು ಹೊರಗೆ ಹೋದರು. ಯಾವ ಗೋಡೆಯ ಮರೆಯಲ್ಲಿ ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳದೆ ಕೊಡುಕೊಳ್ಳುವುದು ನಡೆದಿತ್ತೋ, ಆ ಗೋಡೆ ದೊರೆ ತೆರೆಸಿದ ಕಿಟಕಿಗೆ ನೇರ ಎದುರಿಗಿತ್ತು. ಬಿಲ್ಲೆ ಕಳಚಿತು, ಬಿಂದಿಗೆ ಕೈ ಬದಲಾಯಿತು. ಇನ್ನೊಂದು ಬಿಲ್ಲೆ, ಇನ್ನೊಂದು ಬಿಂದಿಗೆ. ಅಕ್ಕ ತಂಗಿ, ತಾಯಿ ಮಗಳು, ನೆರೆಮನೆಯವರು. ಹಿತ್ತಾಳೆ ಬಿಂದಿಗೆಗೆ ತಾಗಿ ಠಣ್ ಠಣ್ ಎಂದಿತು. ದೊರೆ ಕಿಟಕಿಯಿಂದ ಬಗ್ಗಿ ಬಾಯಿ ತೆರೆದು ನೋಡಿದ. ಈ ಸಲ ಕೆಮ್ಮಲಿಲ್ಲ.

ಇಂಥ ಸಂದರ್ಭದಲ್ಲಿ ಏನಾಗಬೇಕಿತ್ತೋ ಅದೇ ಆಯಿತು. ವಿಚಾರಣೆಯ ವರದಿ ಹೀಗೆ ತೀರ್ಮಾನಿಸಿತು: ಪುಸ್ತಕ ಪೂರ್ತಿ ಸುಳ್ಳಲ್ಲ, ಆದ್ದರಿಂದ ಲೇಖಕರಿಗೆ ಶಿಕ್ಷೆಯಿಲ್ಲ. ಬೆಳಗಿನವಳೆಂಬ ಹೆಂಗಸು ಸತ್ತದ್ದು ನಿಜ, ಆದರೆ ಅವಳು ಕಂಪನಿಯ ಆಳೆಂದು ದಾಖಲಾಗಿರದ ಕಾರಣ ಅವಳ ಸಾವು ಅವಳ ಸ್ವಂತ ವಿಚಾರ. ಬಿಲ್ಲೆ ಹಂಚಿಕೊಂಡದ್ದು ಮೋಸ. ಮೋಸವನ್ನು ಒಪ್ಪಿಕೊಂಡವಳು ಒಬ್ಬಳೇ ಆದ್ದರಿಂದ ಶಿಕ್ಷೆ ಅವಳೊಬ್ಬಳಿಗೆ. ಮಧ್ಯಾಹ್ನದವಳ ಕೊರಳಿಂದ ಬಿಲ್ಲೆ ಇಳಿಯಿತು.

ಮಿಕ್ಕವರ ಮುಖ ನೋಡಿ ಒಳಗೆ ಬಿಡಬೇಕೆಂದು ಕಂಪನಿ ಕಟ್ಟಪ್ಪಣೆ ಮಾಡಿತು. ಮರುದಿನ ಮುಖ ನೋಡಿಯೇ ಬಿಟ್ಟರು. ಮಧ್ಯಾಹ್ನ ನಲ್ಲಿಗೆ ನೀರು ಬಂದಿತು, ಅರ್ಧ ಗೋದಾಮು ಎದ್ದು ನೀರಿಗೆ ಹೋಯಿತು. ಬೆಳಿಗ್ಗೆ ನೆನೆಸಿದ ಎಲೆ ಸಂಜೆಯ ಹೊತ್ತಿಗೆ ಮುಗ್ಗಲು ಹಿಡಿಯಿತು. ಕೆಲವೇ ದಿನಗಳಲ್ಲಿ ಕಂಪನಿಗೆ ಜ್ಞಾನೋದಯವಾಗಿ, ಹೆಂಗಸರ ಮೇಲಿನ ಕರುಣೆಯಿಂದ ಬೆಳಗಿಗೊಂದು, ಮಧ್ಯಾಹ್ನಕ್ಕೊಂದು ಬೇರೆ ಬೇರೆ ಬಿಲ್ಲೆ ಕೊಟ್ಟು, ಇದ್ದ ಒಂದು ಕೂಲಿಯನ್ನೇ ಎರಡು ಹೋಳು ಮಾಡಿ ಹಂಚಿತು. ಪತ್ರಿಕೆಗಳು ಕೊಂಡಾಡಿದವು. ಮೇಸ್ತ್ರಿಯ ಅಂಗಳ ಮಾತ್ರ ಗುಡಿಸುವವರಿಲ್ಲದೆ ಎಲೆ ಬಿದ್ದು ಹಾಳಾಯಿತು. ಈಗ ಕಣ್ಣು ಮುಚ್ಚಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.

ಆ ಕಿಟಕಿಗೆ ಮತ್ತೆ ಮೊಳೆ ಹೊಡೆಯಲು ಬಡಗಿ ಬಂದಾಗ, ಅಲ್ಲಿ ಕೂತಿದ್ದ ಹೆಂಗಸರು ಬೆನ್ನು ಕೊಟ್ಟು ಕೂತರು. “ಇದು ದೊರೆ ತೆಗೆಸಿದ ಮೊಳೆ. ಹೊಡೀಬೇಕಾದರೆ ದೊರೆ ಚೀಟಿ ತಗೊಂಡು ಬಾ” ಎಂದರು. ಚೀಟಿ ಬರಲಿಲ್ಲ. ಆ ಕಿಟಕಿಯ ಪಕ್ಕ ಕೂರಲು ಅವರು ಸರದಿ ಹಾಕಿಕೊಂಡರು. ಸರದಿ ಹಾಕುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮಧ್ಯಾಹ್ನದವಳು ಮತ್ತೆ ಲೇಖಕರ ಮನೆಯ ಹಿತ್ತಿಲಿಗೆ ಬಂದಳು, ಜೊತೆಗೆ ಇನ್ನೂ ನಾಲ್ಕಾರು ಮನೆಯ ಹಿತ್ತಿಲುಗಳಿಗೆ. ಗೋದಾಮಿನ ಕೂಲಿಯಷ್ಟು ಅದರಲ್ಲಿ ಹುಟ್ಟುತ್ತಿರಲಿಲ್ಲ. ಅತ್ತೆ ಒಂದು ಹೊತ್ತು ಹಸಿವಿಲ್ಲ ಎನ್ನುವುದನ್ನು ಕಲಿತಳು. ಆದರೆ ನಲ್ಲಿಯ ಹತ್ತಿರ ಯಾರಾದರೂ “ಈ ಮಗುವಿನ ತಾಯಿ...” ಎಂದು ರಾಗ ಎಳೆದರೆ, ಮಗುವೇ ತಿರುಗಿ, “ನಮ್ಮಮ್ಮ ಹೊಗೆಸೊಪ್ಪಿನ ಕೆಮ್ಮಿಂದ ಸತ್ತಳು, ದೊರೇನೇ ಬರ್ಕೊಂಡಿದ್ದಾನೆ” ಎಂದು ಗದರುತ್ತಿತ್ತು.

ಪುಸ್ತಕ ಎರಡನೆಯ ಮುದ್ರಣಕ್ಕೆ ಹೋಗುವುದಿತ್ತು. ಲೇಖಕರು ಮಾತಿಗೆ ತಪ್ಪುವವರಲ್ಲ, ಬೆಳಗಿನವಳ ಮೇಲೆ ಹೊಸ ಅಧ್ಯಾಯ ಬರೆದಿದ್ದರು. ಒಂದು ಬೆಳಿಗ್ಗೆ ಅಮ್ಮಾವ್ರು ಹಿತ್ತಿಲ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅದನ್ನು ಪ್ರತಿ ಮಾಡುತ್ತಿದ್ದರು. ಮಧ್ಯಾಹ್ನದವಳು ಕೆಳಗೆ ಬೂದಿ ಹಚ್ಚಿ ಪಾತ್ರೆ ಉಜ್ಜುತ್ತಿದ್ದಳು.

“ಇಲ್ಲಿ ಬರೆದಿದ್ದಾರೆ ನೋಡು. ಕೊನೆ ಗಳಿಗೆಯಲ್ಲಿ ಅವಳು ನಿನ್ನ ಕೈ ಹಿಡಿದು, ‘ತಂಗೀ, ನಮ್ಮ ಬಿಲ್ಲೆಯೇ ನಮ್ಮ ಸಂಕೋಲೆ’ ಅಂದಳಂತೆ.”

ಮಧ್ಯಾಹ್ನದವಳು ಉಜ್ಜುವುದನ್ನು ನಿಲ್ಲಿಸಿದಳು. “ಸಂಕೋಲೆ ಅಂದರೆ?”

“ಬೇಡ ಬಿಡು. ನಿಜವಾಗಿ ಏನಂದಳು?”

ಒಳಗಿನಿಂದ ಲೇಖಕರ ಕೂಗು ಬಂತು. ಚಹಾ ಆಯಿತಾ?

ಮೆಟ್ಟಿಲ ಮೇಲಿನವರು ಏಳಲಿಲ್ಲ. ಕೆಳಗಿನವಳು ಅವರ ಮುಖ ನೋಡಿದಳು, ಅವರು ಇವಳ ಮುಖ ನೋಡಿದರು. ಎರಡನೆಯ ಸಲ ಕೂಗು ಬಂತು. ಆಮೇಲೆ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮುಚ್ಚುವ ಸದ್ದು ಕೇಳಿಸಿತು. ಬಡವರ ಗುಡಿಸಲುಗಳನ್ನೆಲ್ಲ ಹುಡುಕಿ ಹುಡುಕಿ ಬರೆದವರಿಗೆ ಸಕ್ಕರೆ ಸಿಗುತ್ತಿರಲಿಲ್ಲ.

“ಹೇಳು” ಎಂದರು ಅಮ್ಮಾವ್ರು, ಗಂಡ ಬರೆದ ಸಾಲಿನ ಮೇಲೆ ಗೀಟು ಹೊಡೆದು.

ಮಧ್ಯಾಹ್ನದವಳು ಬೂದಿಯ ಕೈಯಿಂದ ಹಣೆಯ ಕೂದಲು ಸರಿಸಿದಳು. “ನಾನು ಅವಳ ತಲೆ ತೊಡೆ ಮೇಲೆ ಇಟ್ಕೊಂಡು ಅಳ್ತಾ ಕೂತಿದ್ದೆ. ಕಣ್ಣು ಬಿಟ್ಟು, ಬೈದಳು. ‘ಅಳ್ತಾ ಕೂತರೆ ಹೇಗೇ ಮಾರಾಯ್ತಿ, ನಲ್ಲೀಲಿ ನೀರು ಬಂತು, ಬಿಂದಿಗೆ ತಗೊಂಡು ಓಡು’ ಅಂದಳು. ನಾನು ಓಡಿದೆ. ನೀರು ತಗೊಂಡು ಬರೋ ಹೊತ್ತಿಗೆ ಇರಲಿಲ್ಲ.”

ಅಮ್ಮಾವ್ರು ಒಂದಕ್ಷರವನ್ನೂ ತಿದ್ದದೆ ಅದನ್ನು ಹಾಗೆಯೇ ಬರೆದುಕೊಂಡರು.